ಮೈಸೂರಿಗೂ ಒಂದು ಸಮುದ್ರ ಇತ್ತು: ಶ್ರೀರಂಗಪಟ್ಟಣದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಇನ್ನೇನು ಶ್ರೀರಂಗಪಟ್ಟಣ ದಸರಾದ ಪೂರ್ವಭಾವಿ ಸಭೆಗಳು ಶುರುವಾಗುತ್ತವೆ. ಉದ್ಘಾಟನೆಗೆ ಯಾರು, ಜಂಬೂ ಸವಾರಿ ಎಷ್ಟು ಹೊತ್ತಿಗೆ, ಊಟದ ಮಳಿಗೆ ಎಲ್ಲಿ ಅಂತೆಲ್ಲ ಚರ್ಚೆ ಆಗುತ್ತದೆ. ಆ ಪಟ್ಟಿಗೆ ನನ್ನದೂ ಒಂದು ಬೇಡಿಕೆ ಸೇರಿಸಿಕೊಳ್ಳಿ. ಈ ಸಲ ಒಂದು ಮಳಿಗೆಯನ್ನು ಮಂಗಳೂರಿಗೆ ಬಿಟ್ಟುಕೊಡಿ. ನೀರುದೋಸೆ, ಕೋರಿ ರೊಟ್ಟಿಗೆ ಕೇಳುತ್ತಿಲ್ಲ, ಅವು ಹೇಗಿದ್ದರೂ ಬಂದೇ ಬರುತ್ತವೆ. ಮಂಗಳೂರಿನ ಚರಿತ್ರೆಗೆ ಕೇಳುತ್ತಿದ್ದೇನೆ. ದಸರಾ ಮುಗಿದ ಮೇಲೆ ಅದೇ ಫಲಕಗಳನ್ನು ಪೇಟೆಯಲ್ಲಿ ಕಾಯಂ ಆಗಿ ನಿಲ್ಲಿಸಿ.

ಇದೇನಪ್ಪಾ, ಕಾವೇರಿ ದಂಡೆಯಲ್ಲಿ ಕೂತು ಕರಾವಳಿಯ ಕತೆ ಹೇಳ್ತಾನೆ ಅಂದುಕೊಳ್ಳಬೇಡಿ. ನಾನು ನಿಮ್ಮ ಕ್ಷೇತ್ರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ನಮ್ಮ ಮಕ್ಕಳು ಶ್ರೀರಂಗಪಟ್ಟಣ ಒಪ್ಪಂದ 1792 ಅಂತ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಮಂಗಳೂರು ಒಪ್ಪಂದ ಅಂದರೆ ಅದು ಒಂದು ಅಂಕದ ಪ್ರಶ್ನೆ, ಅಷ್ಟೆ. ಶಾಲೆ ಪ್ರವಾಸಕ್ಕೆ ಧರ್ಮಸ್ಥಳ, ಕುಕ್ಕೆ ಮುಗಿಸಿಕೊಂಡು ಪಣಂಬೂರು ಬೀಚಿಗೆ ಹೋಗುತ್ತೇವೆ. ಮಕ್ಕಳು ನೀರಿಗಿಳಿದು ಕುಣಿದು, ಚಪ್ಪಲಿ ಕಳಕೊಂಡು, ಮರಳು ತುಂಬಿದ ಬ್ಯಾಗಿನ ಜೊತೆ ವಾಪಸ್ ಬರುತ್ತಾರೆ. ತಾವು ಹೋಗಿಬಂದ ಊರಿನಲ್ಲೇ ತಮ್ಮ ಊರಿನ ಹಣೆಬರಹ ಎರಡು ಮೂರು ಸಲ ಬದಲಾಯಿತು ಅನ್ನುವುದು ಅವರಿಗೆ ಗೊತ್ತೇ ಆಗುವುದಿಲ್ಲ.

ಮೈಸೂರು ಮೊದಲು ಒಳನಾಡಿನ ಸೀಮೆ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಗೆದ್ದಾಗ ಅದರ ಕೈಕೆಳಗಿದ್ದ ಕರಾವಳಿಯೂ ಜೊತೆಗೇ ಬಂತು, ಮಂಗಳೂರೂ ಬಂತು. ಹೈದರ್ ಅಲ್ಲಿ ಹಡಗು ಕಟ್ಟಿಸುವ ಕೆಲಸಕ್ಕೆ ಕೈಹಾಕಿದ. ಐದೇ ವರ್ಷ. 1768ರಲ್ಲಿ ಬೊಂಬಾಯಿ ಕಡೆಯಿಂದ ಬಂದ ಇಂಗ್ಲಿಷರು ಕೋಟೆ, ಹಡಗು ಎರಡನ್ನೂ ಹಿಡಿದುಕೊಂಡರು. ಮೈಸೂರಿನ ಸೈನ್ಯ ಘಟ್ಟ ಇಳಿದು ಬಂದಾಗ ತೋಪುಗಳನ್ನೂ ತಮ್ಮದೇ ಗಾಯಾಳುಗಳನ್ನೂ ಬಿಟ್ಟು ಸಮುದ್ರಕ್ಕೆ ಇಳಿದರು. ಆ ಬಂದರಿನಿಂದ ಅಕ್ಕಿ, ಮೆಣಸು, ಏಲಕ್ಕಿ, ಗಂಧ ಅರಬ್ ದೇಶಗಳಿಗೆ ಹೋಗುತ್ತಿತ್ತು. ಮಸ್ಕತ್‌ನಲ್ಲಿ ಟಿಪ್ಪುವಿನ ವ್ಯಾಪಾರದ ಕೋಠಿಯೇ ಇತ್ತು. ನಮ್ಮ ಕಾವೇರಿ ಪೂರ್ವಕ್ಕೆ ಹರಿದರೂ ನಮ್ಮ ದೊರೆಗಳ ಕಣ್ಣು ಪಶ್ಚಿಮದ ಮೇಲಿತ್ತು.

ಇನ್ನು 1783ರ ಮುತ್ತಿಗೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಹಿಂದಿನ ವರ್ಷ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಿದ್ದ. ಮಗ ಟಿಪ್ಪು ದೂರದಲ್ಲಿದ್ದಾಗ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಬಿದನೂರನ್ನೂ ಮಂಗಳೂರನ್ನೂ ಹಿಡಿದ. ಟಿಪ್ಪು ಮೊದಲು ಬಿದನೂರನ್ನು ವಾಪಸ್ ಪಡೆದು, ಮೇ ತಿಂಗಳಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವನು ಕರ್ನಲ್ ಕ್ಯಾಂಪ್‌ಬೆಲ್. ಅವನ ಜೊತೆ ಒಂದಷ್ಟು ಸ್ಕಾಟ್ಲೆಂಡಿನ ಸೈನಿಕರಿದ್ದರು. ಆದರೆ ಕೋಟೆಯೊಳಗೆ ಜಾಸ್ತಿ ಇದ್ದವರು ನಮ್ಮದೇ ದೇಶದ ಸಿಪಾಯಿಗಳು. ಹೊರಗೆ ಟಿಪ್ಪುವಿನ ಕಡೆ ಫ್ರೆಂಚರಿದ್ದರು. ನಡುವೆ ಯೂರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾಯಿತು ಅಂತ ಸುದ್ದಿ ಬಂತು, ಫ್ರೆಂಚರು ಕೈಬಿಟ್ಟರು. ಸಾವಿರಾರು ಮೈಲಿ ಆಚೆ ಯಾರೋ ಸಹಿ ಹಾಕಿದ್ದಕ್ಕೆ ನೇತ್ರಾವತಿ ದಂಡೆಯಲ್ಲಿ ತೋಪು ನಿಂತಿತು ನೋಡಿ. ಆಗಸ್ಟಿನಲ್ಲಿ ಕದನ ವಿರಾಮ ಆಯಿತು, ಹಸಿವು ಮಾತ್ರ ವಿರಾಮ ಕೊಡಲಿಲ್ಲ. ಒಳಗಿದ್ದವರು ಕೊನೆಗೆ ಕುದುರೆ, ನಾಯಿ, ಏನು ಸಿಕ್ಕಿದರೆ ಅದನ್ನು ತಿಂದರು. 1784ರ ಜನವರಿ 30ಕ್ಕೆ ಕೋಟೆ ಒಪ್ಪಿಸಿದರು. ಇವತ್ತಿನ ನಮ್ಮ ಸೇನೆಯ ಗ್ರೆನೇಡಿಯರ್ಸ್ ರೆಜಿಮೆಂಟಿನ ಹಳೆಯ ಯುದ್ಧ ಗೌರವಗಳಲ್ಲಿ ‘ಮಂಗಳೂರು’ ಅನ್ನುವ ಹೆಸರು ಇದೆ. ಅದು ಆ ಸಿಪಾಯಿಗಳು ಸಂಪಾದಿಸಿದ್ದು, ಮೈಸೂರಿನ ವಿರುದ್ಧ ನಿಂತು. ಇಂಥದ್ದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು, ‘ಹಾಗಾದರೆ ನಾವು ಯಾರ ಕಡೆ ಸಾರ್?’ ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅಲ್ವಾ?

ಆಮೇಲೆ ಮದರಾಸಿನಿಂದ ಈಸ್ಟ್ ಇಂಡಿಯಾ ಕಂಪನಿಯ ಮೂವರು ಪ್ರತಿನಿಧಿಗಳು ಅಷ್ಟು ದೂರ ಬಂದು ಮಂಗಳೂರಿನಲ್ಲಿ ಕಾದರು. 1784ರ ಮಾರ್ಚ್ 11ರಂದು ಒಪ್ಪಂದ ಆಯಿತು. ಗೆದ್ದ ಜಾಗ ಇಬ್ಬರೂ ಬಿಟ್ಟುಕೊಡುವುದು, ಸೆರೆಯಾಳುಗಳನ್ನು ಬಿಡುವುದು. ಒಬ್ಬ ಭಾರತೀಯ ದೊರೆ ಇಂಗ್ಲಿಷರ ಎದುರು ಸರಿಸಮನಾಗಿ ಕೂತು ಮಾಡಿಕೊಂಡ ಕೊನೆಯ ಒಪ್ಪಂದಗಳಲ್ಲಿ ಇದೂ ಒಂದು. ಕಲ್ಕತ್ತೆಯಲ್ಲಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಇದರಿಂದ ಮುಖಭಂಗವಾಯಿತು. ಎಂಟು ವರ್ಷ ಕಳೆಯುವುದರೊಳಗೆ ನಮ್ಮೂರ ಕೋಟೆ ಹೊರಗೆ ಅದರ ಬಡ್ಡಿ ಸಮೇತ ವಸೂಲಿ ಆಯಿತು. ಅದೇ 1792ರ ಶ್ರೀರಂಗಪಟ್ಟಣ ಒಪ್ಪಂದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆ. ಈ ಎರಡನೆಯ ಕತೆ ನಮ್ಮೂರಿಗೆ ಬಂದವರಿಗೆಲ್ಲ ಗೈಡುಗಳು ಹೇಳುತ್ತಾರೆ. ಮೊದಲನೆಯದನ್ನು ಬಿಟ್ಟು ಎರಡನೆಯದು ಹೇಳಿದರೆ ಅರ್ಧ ಕತೆ ತಾನೇ?

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಒಪ್ಪಂದಕ್ಕೆ ಕೆಲವೇ ದಿನ ಮುಂಚೆ, ಅದೇ 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನುವ ಆಪಾದನೆ ಮೇಲೆ ಟಿಪ್ಪುವಿನ ಆಜ್ಞೆಯಂತೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಫೆಬ್ರವರಿ 24, ಬೂದಿ ಬುಧವಾರ, ಅಂತ ಅಲ್ಲಿನವರು ನೆನಪಿಟ್ಟುಕೊಂಡಿದ್ದಾರೆ. ಎಷ್ಟು ಜನ ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. ಹತ್ತಾರು ಸಾವಿರ ಅನ್ನುವುದರಲ್ಲಿ ತಕರಾರಿಲ್ಲ. ಮುದುಕರು, ಬಸುರಿಯರು, ಕಂಕುಳಲ್ಲಿ ಮಕ್ಕಳು. ದಾರಿಯಲ್ಲೇ ಎಷ್ಟೋ ಜನ ಸತ್ತರು, ಇಲ್ಲಿಗೆ ಬಂದ ಮೇಲೂ ಸತ್ತರು. ಮಂಗಳೂರಿನ ಮಿಲಾಗ್ರಿಸ್ ಚರ್ಚನ್ನು ಆ ವರ್ಷವೇ ಕೆಡವಿದರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷ! ಹುಟ್ಟಿದ ಮಗು ಹದಿನೈದಾಗುವಷ್ಟು ಕಾಲ ಅವರು ನಮ್ಮೂರವರಾಗಿದ್ದರು. ಹಿಂದಿರುಗಿದವರು ಹಿಂದಿರುಗಿದರು. ಆಮೇಲೆ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರೂ ಅವರೇ. ಅವರ ಹೆಸರಿನ ಚರ್ಚು ಗಂಜಾಂನಲ್ಲಿದೆ, ನಿಮಗೆ ಗೊತ್ತಿರುತ್ತದೆ.

ಹೋದ ವರ್ಷ ಗಂಜಾಂ ರಸ್ತೆಯಲ್ಲಿ ಮಂಗಳೂರು ನೋಂದಣಿಯ ಕಾರೊಂದು ನಿಂತಿತ್ತು. ವಯಸ್ಸಾದ ಹೆಂಗಸೊಬ್ಬರು ಕಬ್ಬಿನ ಹಾಲಿನ ಅಂಗಡಿಯವನ ಹತ್ತಿರ, ‘ಮಗಾ, ಸೆರೆ ತಂದವರನ್ನು ಇಟ್ಟಿದ್ದ ಜಾಗ ಯಾವುದು?’ ಅಂತ ಕೇಳುತ್ತಿದ್ದರು. ಅವನು ಪಾಪ, ಕರ್ನಲ್ ಬೇಲಿ ಬಂದೀಖಾನೆಗೆ ದಾರಿ ತೋರಿಸಿದ. ಅವನ ತಪ್ಪೇನಿಲ್ಲ. ಸೆರೆ ಅಂದರೆ ನಮಗೆ ಗೊತ್ತಿರುವುದು ಅದೊಂದೇ, ಇಂಗ್ಲಿಷ್ ಅಧಿಕಾರಿಗಳ ಸೆರೆ. ಅವರಿಗೆ ಸ್ಮಾರಕ ಇದೆ, ಫಲಕ ಇದೆ, ಫೋಟೋ ತೆಗೆಯುವ ಜಾಗ ಇದೆ. ಘಟ್ಟ ಹತ್ತಿ ಬಂದ ಕೊಂಕಣಿ ಮಾತಾಡುವ ರೈತರಿಗೆ, ಅವರ ಹೆಂಡತಿ ಮಕ್ಕಳಿಗೆ ಪೇಟೆಯಲ್ಲಿ ಒಂದು ಫಲಕ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ನನಗೆ ಗೊತ್ತು, ಟಿಪ್ಪು ಹೆಸರು ಎತ್ತಿದ ತಕ್ಷಣ ನಮ್ಮಲ್ಲಿ ಎರಡು ಪಾಳೆಯ ಎದ್ದು ನಿಲ್ಲುತ್ತದೆ. ಒಬ್ಬರಿಗೆ ಒಪ್ಪಂದ ಮಾತ್ರ ಬೇಕು, ಇನ್ನೊಬ್ಬರಿಗೆ ಸೆರೆ ಮಾತ್ರ ಬೇಕು. ಪೊಲೀಸ್ ವ್ಯಾನು ಬಂದು ನಿಲ್ಲುತ್ತದೆ, ಅಂಗಡಿಯವರು ಬಾಗಿಲು ಹಾಕುತ್ತಾರೆ. ಹಾಗಾಗಿ ಶಾಸಕರಾದವರು ಈ ತಂಟೆಯೇ ಬೇಡ ಅಂತ ಸುಮ್ಮನಿರುವುದು ಸಹಜ. ನಾನು ನಿಮ್ಮನ್ನು ತೀರ್ಪು ಕೊಡಿ ಅಂತ ಕೇಳುತ್ತಿಲ್ಲ. ಎರಡೂ ಒಂದೇ ಊರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ನಡೆದದ್ದು. ಎರಡನ್ನೂ ಒಂದೇ ಫಲಕದ ಮೇಲೆ, ತಾರೀಕು ಹಾಕಿ, ವಿಶೇಷಣ ಇಲ್ಲದೆ ಬರೆಸಿ. ‘ವೀರ’ವೂ ಬೇಡ, ‘ಕ್ರೂರಿ’ಯೂ ಬೇಡ. ಓದಿದವರು ತೀರ್ಮಾನ ಮಾಡಿಕೊಳ್ಳಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಿಸುವುದಾದರೆ ದಯವಿಟ್ಟು ಎರಡೂ ಬೇಡ.

ನಮ್ಮೂರು ಬಿದ್ದದ್ದಕ್ಕೂ ಮಂಗಳೂರಿನ ಬಂದರಿಗೂ ಒಂದು ಎಳೆ ಇದೆ. 1797ರಲ್ಲಿ ರಿಪೋ ಅನ್ನುವ ಫ್ರೆಂಚ್ ನಾವಿಕನೊಬ್ಬ ಜಖಂ ಆದ ಹಡಗಿನಲ್ಲಿ ಮಂಗಳೂರಿಗೆ ಬಂದು ಬಿದ್ದ. ಅಲ್ಲಿಂದ ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆತಂದರು. ಮಾರಿಷಸ್‌ನಲ್ಲಿ ನಮ್ಮ ಫ್ರೆಂಚ್ ಪಡೆ ಸಿದ್ಧ ಇದೆ ಅಂತ ಬಡಾಯಿ ಕೊಚ್ಚಿದ. ಟಿಪ್ಪು ನಂಬಿ ರಾಯಭಾರಿಗಳನ್ನು ಕಳಿಸಿದ. 1798ರ ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದದ್ದು ಬರೀ ನೂರರ ಆಸುಪಾಸು ಜನ. ಸೈನ್ಯ ಬರಲಿಲ್ಲ, ಟಿಪ್ಪುವಿನ ಕಡೆ ಸೇರುವವರು ಬನ್ನಿ ಅಂತ ಮಾರಿಷಸ್‌ನ ಗವರ್ನರ್ ಹೊರಡಿಸಿದ ಪ್ರಕಟಣೆ ಮಾತ್ರ ಕಲ್ಕತ್ತೆಗೆ ಮುಟ್ಟಿತು. ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಿದ್ದ ನೆಪ ಸಿಕ್ಕಿತು. ಮುಂದಿನ ವರ್ಷ ಮೇ 4ರಂದು ಏನಾಯಿತು ಅನ್ನುವುದನ್ನು ನಿಮ್ಮ ಕ್ಷೇತ್ರದ ಟಾಂಗಾ ಓಡಿಸುವವನೂ ಹೇಳುತ್ತಾನೆ. ಆ ದಿನ ಮೈಸೂರು ಸಮುದ್ರವನ್ನೂ ಕಳೆದುಕೊಂಡಿತು. ಕರಾವಳಿಯನ್ನು ಕಂಪನಿ ಇಟ್ಟುಕೊಂಡಿತು, ಥಾಮಸ್ ಮನ್ರೋ ಅಲ್ಲಿಗೆ ಕಲೆಕ್ಟರ್ ಆಗಿ ಹೋದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಕ್ಕಿದ್ದು ಸುತ್ತಲೂ ನೆಲವೇ ಇರುವ ರಾಜ್ಯ.

ಅಲ್ಲಿಗೆ ನಮ್ಮ ನಂಟು ಕಡಿಯಿತಾ? ಇಲ್ಲ. ದಾರಿ ಬೇರೆಯಾಯಿತು, ಅಷ್ಟೆ. 1837ರ ಏಪ್ರಿಲಿನಲ್ಲಿ ಸುಳ್ಯ ಸೀಮೆಯ ರೈತರು ಕಂದಾಯವನ್ನು ದವಸದ ಬದಲು ನಗದಿನಲ್ಲಿ ಕೊಡಿ ಅಂದದ್ದಕ್ಕೆ ರೊಚ್ಚಿಗೆದ್ದು ಮಂಗಳೂರಿಗೆ ನಡೆದು, ಕಂಪನಿಯವರನ್ನು ಓಡಿಸಿ, ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಆ ಗುಡ್ಡಕ್ಕೆ ಇವತ್ತಿಗೂ ಬಾವುಟಗುಡ್ಡೆ ಅಂತಲೇ ಹೆಸರು. ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅಲ್ಲೇ ನಿಂತಿತು. ಹೆಚ್ಚು ದಿನ ಬಾವುಟ ಹಾರಲಿಲ್ಲ, ಮುಂದಾಳುಗಳನ್ನು ಗಲ್ಲಿಗೇರಿಸಿದರು. ನೂರೊಂದು ವರ್ಷ ಬಿಟ್ಟು, 1938ರ ಏಪ್ರಿಲಿನಲ್ಲೇ, ನಮ್ಮ ಮದ್ದೂರಿನ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ್ದು ನಮಗೆ ಹೆಮ್ಮೆ. ಶಿವಪುರದ ಸೌಧ ನೋಡಲು ಹೋದ ಮಕ್ಕಳಿಗೆ ಬಾವುಟಗುಡ್ಡೆಯ ಹೆಸರು ಕಿವಿಗೆ ಬಿದ್ದರೆ ಎಷ್ಟು ಚೆನ್ನ. ಕಬ್ಬಿನ ಬಾಕಿಗೆ ಹೆದ್ದಾರಿ ತಡೆಯುವ ಜಿಲ್ಲೆ ನಮ್ಮದು, ಕಂದಾಯದ ಸಿಟ್ಟು ನಮಗೆ ಅರ್ಥವಾಗುತ್ತದೆ.

ಪತ್ರಿಕೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ಜುಲೈ 1ಕ್ಕೆ ಮಂಡ್ಯದಲ್ಲೂ ಪತ್ರಿಕಾ ದಿನಾಚರಣೆಗೆ ಹಾರ ತುರಾಯಿ ಆಗುತ್ತದೆ. ಆ ದಿನ ಯಾಕೆ ಅಂದರೆ, 1843ರಲ್ಲಿ ಅದೇ ತಾರೀಕಿಗೆ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕಿಟೆಲ್ಲರ ನಿಘಂಟೂ 1894ರಲ್ಲಿ ಅಚ್ಚಾಗಿದ್ದು ಮಂಗಳೂರಿನಲ್ಲೇ. ಮೈಸೂರು ಕನ್ನಡವೇ ಕನ್ನಡ ಅಂತ ಎದೆ ಉಬ್ಬಿಸುವ ನಮ್ಮ ಸ್ನೇಹಿತರಿಗೆ ಇದನ್ನು ಆಗಾಗ ನೆನಪಿಸಬೇಕು.

ಆದರೆ ಮಂಗಳೂರು ನಿಜವಾಗಿ ನಮ್ಮ ಮನೆ ಒಳಗೆ ಬಂದದ್ದು ಹೆಂಚಿನ ಮೂಲಕ. 1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ನೇತ್ರಾವತಿ ದಂಡೆಯ ಜೇಡಿಮಣ್ಣಿನಲ್ಲಿ ಯಂತ್ರದ ಹೆಂಚು ಒತ್ತಲು ಶುರುಮಾಡಿದರು. ನಮ್ಮ ಕಡೆ ಅಲ್ಲಿಯವರೆಗೆ ನಾಡಹೆಂಚು. ಕುಂಬಾರರು ತಿಗರಿ ಮೇಲೆ ತಿರುಗಿಸಿ, ಎರಡಾಗಿ ಸೀಳಿ ಸುಟ್ಟದ್ದು. ಪ್ರತಿ ಮುಂಗಾರಿಗೆ ಮುಂಚೆ ಯಾರಾದರೂ ಮಾಡು ಹತ್ತಿ ಕೈಯಾಡಿಸಬೇಕು. ಬೆಕ್ಕು ಓಡಿದರೂ ಜರುಗುತ್ತದೆ, ಕೋತಿ ಬಂದರಂತೂ ಕೇಳುವುದೇ ಬೇಡ. ಮಂಗಳೂರು ಹೆಂಚಿಗೆ ಒಂದರಲ್ಲೊಂದು ಕೂರುವ ತೋಡು ಇತ್ತು, ಹಿಂದೆ ರೀಪಿಗೆ ಸಿಕ್ಕಿಕೊಳ್ಳುವ ಮೂಗು ಇತ್ತು. ಕಡಿಮೆ ಹೆಂಚಿನಲ್ಲಿ ಮನೆ ಮುಚ್ಚುತ್ತಿತ್ತು, ಭಾರವೂ ಕಡಿಮೆ. ನಮ್ಮ ತಾತನ ಕಾಲದಲ್ಲಿ ‘ಅವರದು ಮಂಗಳೂರು ಹೆಂಚಿನ ಮನೆ’ ಅಂದರೆ ಹೆಣ್ಣು ಕೊಡಬಹುದು ಅಂತ ಅರ್ಥ. ನಮ್ಮ ಹಳೇ ಮನೆಯ ಅಟ್ಟಕ್ಕೆ ಹತ್ತಿ ಟಾರ್ಚ್ ಬಿಟ್ಟರೆ ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಮಂಗಳೂರು ಅನ್ನುವ ಇಂಗ್ಲಿಷ್ ಅಕ್ಷರ ಉಬ್ಬಿ ಕಾಣುತ್ತದೆ. ಹೊಗೆ ಹಿಡಿದು ಕಪ್ಪಾಗಿದ್ದರೂ ಬೆರಳಾಡಿಸಿದರೆ ಓದಬಹುದು. ಈಗ ಆ ಮನೆಗಳೆಲ್ಲ ಮೋಲ್ಡಿಂಗ್ ಆಗುತ್ತಿವೆ. ಇಳಿಸಿದ ಹೆಂಚು ಕೊಟ್ಟಿಗೆ ಮೂಲೆಯಲ್ಲಿ ಕೂತಿವೆ, ಇಲ್ಲದಿದ್ದರೆ ರೆಸಾರ್ಟಿನವರು ಲೋಡುಗಟ್ಟಲೆ ಒಯ್ಯುತ್ತಾರೆ. ನನ್ನ ಮಳಿಗೆಗೆ ಮೊದಲ ವಸ್ತು ಇದೇ. ನಿಮ್ಮ ಕ್ಷೇತ್ರದ ಹಳ್ಳಿಗಳಿಂದ ಮಕ್ಕಳು ಬೇರೆ ಬೇರೆ ಅಚ್ಚಿನ ಹೆಂಚು ಒಂದೊಂದು ತರಲಿ. ಖರ್ಚಿಲ್ಲದ ವಸ್ತು ಪ್ರದರ್ಶನ.

1956ರ ನವೆಂಬರ್ 1ಕ್ಕೆ ಸಮುದ್ರ ವಾಪಸ್ ಬಂತು. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಹಳೇ ಮೈಸೂರಿನಲ್ಲಿ ಆಗ ಏಕೀಕರಣ ಬೇಡ ಅಂದವರೂ ಇದ್ದರು ಅನ್ನುವುದನ್ನು ಮುಚ್ಚಿಡುವುದೇಕೆ? ಬಂದದ್ದು ಸಮುದ್ರ, ಆದರೆ ದೊಡ್ಡ ಹಡಗು ನಿಲ್ಲುವ ಬಂದರು ಇರಲಿಲ್ಲ. ಅದಕ್ಕಾಗಿ ಸಂಸದ ಶ್ರೀನಿವಾಸ ಮಲ್ಯ ದಿಲ್ಲಿಯಲ್ಲಿ ವರ್ಷಗಟ್ಟಲೆ ಬೆನ್ನು ಹತ್ತಿದರು, ಬಂದರು ನೋಡುವ ಮೊದಲೇ 1965ರಲ್ಲಿ ತೀರಿಕೊಂಡರು. ಪಣಂಬೂರಿನ ನವ ಮಂಗಳೂರು ಬಂದರನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರು ಅಂತ ಘೋಷಿಸಿದ ತಾರೀಕು ನೋಡಿ: 1974ರ ಮೇ 4. ಶ್ರೀರಂಗಪಟ್ಟಣ ಬಿದ್ದು ಸರಿಯಾಗಿ 175 ವರ್ಷ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಕಾಕತಾಳೀಯ. ಆದರೂ ಫಲಕದ ಮೇಲೆ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಸಿಗಲ್ಲ. ಹಾಸನ ಮಂಗಳೂರು ರೈಲು ಬಂದದ್ದು ಇನ್ನೂ ಆಚೆ, 1979ರಲ್ಲಿ. ಈಗ ನಿಮ್ಮ ಕ್ಷೇತ್ರದ ಮೇಲೇ ಹಾದುಹೋಗುವ 275ನೇ ಹೆದ್ದಾರಿ ಹಿಡಿದರೆ ಮಡಿಕೇರಿ ದಾಟಿ ಬಂಟ್ವಾಳದ ಹತ್ತಿರ ಇಳಿಯುತ್ತೀರಿ.

ಇಷ್ಟಕ್ಕೆ ದುಡ್ಡು ಎಷ್ಟು ಬೇಕು? ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ಒಂದು ಹೈಮಾಸ್ಟ್ ದೀಪಕ್ಕೆ ಆಗುವಷ್ಟೂ ಬೇಡ ಅನ್ನುವುದು ನನ್ನ ಅಂದಾಜು. ಗುಮ್ಮಟ, ದರಿಯಾ ದೌಲತ್ತಿನಂಥ ಸಂರಕ್ಷಿತ ಜಾಗಗಳಲ್ಲಿ ಮೊಳೆ ಹೊಡೆಯಲು ನಿಮ್ಮಿಂದಲೂ ಆಗಲ್ಲ, ನನ್ನಿಂದಲೂ ಆಗಲ್ಲ. ಅದಕ್ಕೇ ಪುರಸಭೆಯ ಕೈಯಲ್ಲಿರುವ ಜಾಗ ಸಾಕು. ಬಸ್ ನಿಲ್ದಾಣದ ಗೋಡೆ, ಗ್ರಂಥಾಲಯದ ಮುಂದೆ, ಗಂಜಾಂ ರಸ್ತೆಯ ತಿರುವು. ಗ್ರಾನೈಟ್ ಬೇಡ. ಗ್ರಾನೈಟಿನಲ್ಲಿ ಶಂಕುಸ್ಥಾಪನೆ ಮಾಡಿದವರ ಹೆಸರು ದೊಡ್ಡದಾಗಿ ಬಂದುಬಿಡುತ್ತದೆ, ವಿಷಯಕ್ಕೆ ಜಾಗ ಉಳಿಯಲ್ಲ. ನಿಮ್ಮನ್ನು ಅಂತಲ್ಲ, ಎಲ್ಲ ಪಕ್ಷದವರನ್ನೂ ನೋಡಿ ಹೇಳುತ್ತಿದ್ದೇನೆ.

ಬರಹ ಸಿದ್ಧ ಮಾಡುವ ಕೆಲಸ ನಮಗೆ ಬಿಡಿ. ತಾಲ್ಲೂಕಿನಲ್ಲಿ ಇತಿಹಾಸ ಓದಿಕೊಂಡ ಮೇಷ್ಟ್ರು, ಮೇಡಂಗಳು ಬೇಕಾದಷ್ಟು ಜನ ಇದ್ದೇವೆ. ಅಚ್ಚಿಗೆ ಹೋಗುವ ಮೊದಲು ಮಂಗಳೂರಿನ ಇತಿಹಾಸದ ಅಧ್ಯಾಪಕರಿಗೆ ಒಂದು ಸಲ ತೋರಿಸೋಣ. ಸೆರೆ ಬಂದವರ ವಿಷಯದ ಫಲಕವನ್ನು ಅವರ ಸಮುದಾಯದವರೂ ಓದಿ ಸರಿ ಅನ್ನಲಿ, ಟಿಪ್ಪುವನ್ನು ಅಭಿಮಾನದಿಂದ ನೋಡುವವರೂ ಓದಲಿ. ಕನ್ನಡದ ಜೊತೆ ಕೊಂಕಣಿ, ತುಳುವಿನಲ್ಲೂ ಎರಡೆರಡು ಸಾಲು ಇದ್ದರೆ ಬಂದವರು ಇನ್ನೊಂದು ಕ್ಷಣ ನಿಲ್ಲುತ್ತಾರೆ.

ಪೂರ್ವಭಾವಿ ಸಭೆಯ ದಿನ ನಿಗದಿಯಾದರೆ ಶಾಲೆಗೆ ಒಂದು ಫೋನ್ ಮಾಡಿಸಿ. ಕೊನೆಯ ಪೀರಿಯಡ್ ಮುಗಿಸಿಕೊಂಡು ಬರುತ್ತೇವೆ. ಹೆಂಚು ಒಂದೆರಡು ಜೊತೆಗೇ ತರುತ್ತೇನೆ, ಭಾರ ಇರುತ್ತದೆ, ಮೇಜು ಗಟ್ಟಿಯಾಗಿರಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಮೇಷ್ಟ್ರು